ರನ್ನನ ನಾಡಿನಿಂದ ಒಂದು ಅರ್ಜಿ

ಡಿಗ್ರಿ ಫಲಿತಾಂಶ ಬಂದ ವಾರ ಇಳಕಲ್ಲಿನಿಂದ ನೇಕಾರರೊಬ್ಬರು ಮಗಳನ್ನು ಕರೆದುಕೊಂಡು ನವನಗರದ ನಮ್ಮ ಮನೆಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಅದರೊಳಗೆ ಅಂಕಪಟ್ಟಿ, ಟಿಸಿ, ಜಾತಿ-ಆದಾಯ ಪ್ರಮಾಣಪತ್ರ, ನಾಲ್ಕು ಪಾಸ್‌ಪೋರ್ಟ್ ಫೋಟೊ. ಹುಡುಗಿ ಬಿ.ಎ.ದಲ್ಲಿ ಕನ್ನಡ, ಇತಿಹಾಸ ಓದಿದ್ದಾಳೆ, ಅಂಕಗಳೂ ಚೆನ್ನಾಗಿವೆ. ಚಹಾ ಮುಗಿಯುವವರೆಗೂ ಅಪ್ಪ ಮಾತಾಡಲಿಲ್ಲ. ಕಪ್ಪು-ಬಸಿ ಕೆಳಗಿಟ್ಟ ಮೇಲೆ ಕೇಳಿದರು: "ಸರ್ರ, ಬಿ.ಎಡ್ ಮಾಡಸಬೇಕಂತ ನಾ ಅನ್ಕೊಂಡಿದ್ದೆ. ಇಕಿ ನೋಡಿದ್ರ ಹಳಗನ್ನಡ ಓದ್ತೀನಿ, ಶಾಸನ ಓದ್ತೀನಿ ಅಂತಾಳ. ಅದಕ್ಕ ಅರ್ಜಿ ಎಲ್ಲಿ ಹಾಕಬೇಕ್ರಿ? ಹಾಕಿದ್ರ ಹೊಟ್ಟಿ ತುಂಬತೈತೇನ್ರಿ?"

ನಾನು ಕನ್ನಡ ಪಾಠ ಹೇಳಿ ನಿವೃತ್ತನಾದವನು. ಎರಡನೆಯ ಪ್ರಶ್ನೆಯನ್ನು ನೂರಾರು ತಂದೆ-ತಾಯಿಗಳ ಬಾಯಲ್ಲಿ ಕೇಳಿದ್ದೇನೆ. ಮೊದಲನೆಯದನ್ನು ಕೇಳಿದವರು ಬೆರಳೆಣಿಕೆಯಷ್ಟು. ಅವತ್ತು ಅವರಿಗೆ ಹೇಳಿದ್ದನ್ನೂ, ಆಮೇಲೆ ನಾನೇ ಯೋಚಿಸಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಅಂಥ ಮಗ ಅಥವಾ ಮಗಳು ಇನ್ನೂ ಕೆಲವು ಮನೆಗಳಲ್ಲಿ ಇರಬೇಕು ಎಂಬುದು ನನ್ನ ನಂಬಿಕೆ.

ನವನಗರದಲ್ಲಿ ಹಳೆಯದು ಅನ್ನುವಂಥದ್ದು ಏನೂ ಇಲ್ಲ. ಆಲಮಟ್ಟಿಯ ಹಿನ್ನೀರು ಹಳೆ ಬಾಗಲಕೋಟೆಯ ಓಣಿಗಳಿಗೆ ಬಂದಾಗ ಕಟ್ಟಿದ ಊರು ಇದು. ಇಲ್ಲಿಯ ವಿಳಾಸಗಳೆಲ್ಲ ಸೆಕ್ಟರಿನ ನಂಬರುಗಳು. ಆದರೆ ಇಲ್ಲಿಂದ ಬಸ್ಸು ಹತ್ತಿ ಬಾದಾಮಿಯಲ್ಲಿ ಇಳಿದರೆ, ಒಂದನೆಯ ಪುಲಕೇಶಿ ಆ ಬೆಟ್ಟವನ್ನು ಕೋಟೆ ಮಾಡಿಸಿದ್ದನ್ನು ಹೇಳುವ 543ರ ಶಾಸನವಿದೆ. ಮೂರನೆಯ ಗುಹೆಯಲ್ಲಿ ಮಂಗಳೇಶ ಬರೆಯಿಸಿದ 578ರ ಶಾಸನವಿದೆ. ಹುನಗುಂದ ತಾಲ್ಲೂಕಿನ ಐಹೊಳೆಗೆ ಹೋದರೆ ಮೇಗುಟಿ ಬಸದಿಯ ಗೋಡೆಯಲ್ಲಿ ರವಿಕೀರ್ತಿ ಬರೆದ 634ರ ಸಂಸ್ಕೃತ ಪ್ರಶಸ್ತಿ. ತನ್ನ ಕೀರ್ತಿಯನ್ನು ಕಾಳಿದಾಸ, ಭಾರವಿಯರ ಕೀರ್ತಿಗೆ ಸಮ ಮಾಡಿಕೊಂಡು ಅವನು ಅಲ್ಲಿ ಹೆಸರು ಹೇಳಿದ್ದರಿಂದಲೇ ಕಾಳಿದಾಸ ಅದಕ್ಕಿಂತ ಈಚಿನವನಲ್ಲ ಎಂದು ವಿದ್ವಾಂಸರು ಧೈರ್ಯವಾಗಿ ಹೇಳುತ್ತಾರೆ. ಜಗತ್ತಿನ ಯಾವ ಮೂಲೆಯಲ್ಲಿ ಕಾಳಿದಾಸನ ಕಾಲದ ಚರ್ಚೆ ನಡೆದರೂ ನಮ್ಮ ಹುನಗುಂದ ತಾಲ್ಲೂಕಿನ ಒಂದು ಕಲ್ಲಿನ ಮಾತು ಬಂದೇ ಬರುತ್ತದೆ. ಆ ತಾಲ್ಲೂಕಿನ ಮಕ್ಕಳಿಗೆ ಇದನ್ನು ಓದುವ ವಿದ್ಯೆಯೊಂದಿದೆ, ಅದಕ್ಕೆ ಪದವಿಯಿದೆ, ಅದಕ್ಕೆ ಅರ್ಜಿ ಹಾಕಬಹುದು ಎಂದು ಯಾರೂ ಹೇಳುವುದಿಲ್ಲ. ಇದು ನನಗೆ ಬಹಳ ದಿನಗಳಿಂದ ಇರುವ ನೋವು.

ಹಳೆಯ ಭಾಷೆಗಳ ಇಂಥ ಓದಿಗೆ ಯುರೋಪು, ಅಮೆರಿಕದಲ್ಲಿ 'ಕ್ಲಾಸಿಕ್ಸ್' ಎನ್ನುತ್ತಾರೆ. ಅಲ್ಲಿ ಅದೆಂದರೆ ಗ್ರೀಕ್ ಮತ್ತು ಲ್ಯಾಟಿನ್. ಅದರಲ್ಲಿ ಸ್ನಾತಕೋತ್ತರ ಅಧ್ಯಯನ ಮಾಡಬೇಕೆನ್ನುವವರು ಸಾಮಾನ್ಯವಾಗಿ ಡಿಸೆಂಬರ್, ಜನವರಿಯೊಳಗೆ ಅರ್ಜಿ ಕಳಿಸುತ್ತಾರೆ. ಅಂಕಪಟ್ಟಿಯ ಜೊತೆಗೆ ಮೂರು ಶಿಫಾರಸು ಪತ್ರ, ತಾನು ಏಕೆ ಓದಬೇಕೆಂದಿದ್ದೇನೆ ಎನ್ನುವ ಬರಹ, ಹತ್ತಿಪ್ಪತ್ತು ಪುಟದ ಒಂದು ಪ್ರಬಂಧ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಭಾಷೆಯಲ್ಲಿ ಯಾವ ಕೃತಿಯನ್ನು ಮೂಲದಲ್ಲೇ ಎಷ್ಟು ಓದಿದ್ದೀರಿ ಎಂಬ ಪಟ್ಟಿ. ಡಿಗ್ರಿಯಲ್ಲಿ ಗ್ರೀಕ್ ಓದದೆ ತಡವಾಗಿ ಆಸೆಪಟ್ಟವರಿಗೆ ಪೆನ್ಸಿಲ್ವೇನಿಯಾದಂಥ ವಿಶ್ವವಿದ್ಯಾಲಯಗಳು ನಡುವೆ ಒಂದು ಸೇತುವೆಯ ಕೋರ್ಸನ್ನೇ ಇಟ್ಟಿವೆ. ಭಾಷೆಯನ್ನು ಗಟ್ಟಿಮಾಡಿಕೊಂಡು ಆಮೇಲೆ ಅರ್ಜಿ ಹಾಕಿ ಎನ್ನುವ ಏರ್ಪಾಟು ಅದು.

ನಮಗೆ ಕ್ಲಾಸಿಕ್ಸ್ ಎಂದರೆ ಹಳಗನ್ನಡ, ಸಂಸ್ಕೃತ, ಪ್ರಾಕೃತ, ಅವುಗಳ ಜೊತೆಗೆ ಶಾಸನ ಮತ್ತು ತಾಳೆಗರಿ. ಕೇಂದ್ರ ಸರ್ಕಾರ 2008ರ ಅಕ್ಟೋಬರ್ 31ರಂದು ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಕೊಟ್ಟಾಗ ಊರೂರಲ್ಲಿ ಪಟಾಕಿ ಹಚ್ಚಿದೆವು. ಹಚ್ಚಬೇಕಾದದ್ದೇ. ಆದರೆ ಆ ಸ್ಥಾನ ತಂದುಕೊಟ್ಟ ಹಳೆಯ ಬರಹಗಳನ್ನು ಓದಬಲ್ಲವರ ಸಂಖ್ಯೆ ಹೆಚ್ಚಾಗಲಿಲ್ಲ. ಡಿಗ್ರಿ ತರಗತಿಯಲ್ಲಿ ಪಂಪನ ಹತ್ತು ಪದ್ಯ, ಅದಕ್ಕೊಂದು ಗೈಡು, ಗೈಡಿನಲ್ಲಿ ಸಾರಾಂಶ. ಪದ್ಯವನ್ನು ಬಿಡಿಸಿ ಓದುವ ಮೊದಲೇ ಪರೀಕ್ಷೆ ಬಂದಿರುತ್ತದೆ. ನಮ್ಮ ಹುಡುಗರಿಗೆ ಸೇತುವೆಯ ವರ್ಷ ಬೇರೆ ಯಾರಿಗಿಂತ ಹೆಚ್ಚು ಬೇಕು, ನಮ್ಮಲ್ಲಿಯೇ ಅದು ಇಲ್ಲ.

ಅರ್ಜಿ ಎಲ್ಲಿ ಹಾಕಬೇಕೆಂದು ಕೇಳಿದ ಆ ಅಪ್ಪನಿಗೆ ನಾನು ಮೊದಲು ರನ್ನನ ಕತೆ ಹೇಳಿದೆ. ಅವರಿಗೆ ಅದು ಹೊಸದು. ರನ್ನನ ಹೆಸರು ಗೊತ್ತು, ಮುಧೋಳದವನು ಎಂದೂ ಗೊತ್ತು, ಬಳೆಗಾರರ ಮನೆಯ ಮಗ ಎಂಬುದು ಗೊತ್ತಿರಲಿಲ್ಲ. 949ರಲ್ಲಿ ಮುದುವೊಳಲಿನಲ್ಲಿ ಹುಟ್ಟಿದ, ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಬಳೆ ಮಾರುವ ಮನೆತನದ ಹುಡುಗ ಓದಬೇಕೆಂದು ಊರು ಬಿಟ್ಟ. ಅಜಿತಸೇನಾಚಾರ್ಯರು ಗುರುವಾದರು, ಗಂಗರ ಮಂತ್ರಿ ಚಾವುಂಡರಾಯ ಆಸರೆಯಾದ. ಕಲಿತು ತಿರುಗಿ ಬಂದು ಚಾಲುಕ್ಯ ಚಕ್ರವರ್ತಿ ತೈಲಪನಿಂದ ಕವಿಚಕ್ರವರ್ತಿ ಅನ್ನಿಸಿಕೊಂಡ. ಅತ್ತಿಮಬ್ಬೆ ಬರೆಯಿಸಿದ 'ಅಜಿತಪುರಾಣ' 993ರಲ್ಲಿ ಮುಗಿಯಿತು. 'ಗದಾಯುದ್ಧ'ವನ್ನಂತೂ ಕನ್ನಡದವರು ಇಂದಿಗೂ ಬಿಟ್ಟಿಲ್ಲ.

"ಅವಾಗೂ ಬಳಿ ಮಾರೋರು ಮಗನ್ನ ಓದಾಕ ಕಳಿಸಿದ್ರಂದ್ರ..." ಎಂದು ಅರ್ಧಕ್ಕೇ ನಿಲ್ಲಿಸಿದರು ಅಪ್ಪ. ಆ ಮಾತಿನ ಉಳಿದರ್ಧ ಅವರ ಮುಖದಲ್ಲೇ ಇತ್ತು.

ರನ್ನನ ಬದುಕಿನಲ್ಲಿ ನಮ್ಮ ಅರ್ಜಿದಾರರಿಗೆ ಬೇಕಾದದ್ದು ಒಂದಿದೆ. ಅವನು ಹುಡುಕಿದ್ದು ಗುರುವನ್ನು. ಕಟ್ಟಡದ ಹೆಸರು ನೋಡಿ ಅರ್ಜಿ ಹಾಕುವ ಕಾಲ ಇದು, ಆದರೂ ಹಳೆಯ ಭಾಷೆಯ ವಿಷಯದಲ್ಲಿ ರನ್ನನ ದಾರಿಯೇ ಸರಿ. ಗ್ರೀಕ್ ಓದಿ ಆಮೇಲೆ ಸಂಸ್ಕೃತಕ್ಕೆ ಬಂದ ಕೊಲಂಬಿಯಾ ವಿಶ್ವವಿದ್ಯಾಲಯದ ಶೆಲ್ಡನ್ ಪೊಲಾಕ್ ಅವರಿಗೆ ಹಳಗನ್ನಡ ಬೇಕೆನಿಸಿದಾಗ ಅವರು ಮೈಸೂರಿಗೆ ಬಂದು ಟಿ.ವಿ. ವೆಂಕಟಾಚಲ ಶಾಸ್ತ್ರಿಗಳ ಬಳಿ ಕುಳಿತು ಓದಿದರು. ಅಷ್ಟು ದೂರದಿಂದ ಬಂದವರು ಗುರುವನ್ನು ಹುಡುಕಿಕೊಂಡರು. ಧಾರವಾಡ ಇಲ್ಲೇ ಇರುವ ನಾವು ಪ್ರಾಸ್ಪೆಕ್ಟಸ್ ನೋಡುತ್ತ ಕೂಡುತ್ತೇವೆ. ಒಂದು ವಿಭಾಗಕ್ಕೆ ಅರ್ಜಿ ಹಾಕುವ ಮೊದಲು ಅಲ್ಲಿ ಹಳಗನ್ನಡ ಪಠ್ಯವನ್ನು ಸಾಲು ಹಿಡಿದು ಓದಿಸುವವರು ಯಾರಿದ್ದಾರೆ ಎಂದು ಕೇಳಿ. ಅವರು ಬರೆದ ಒಂದು ಪುಸ್ತಕವನ್ನಾದರೂ ಓದಿ. ಆಗುವುದಾದರೆ ಒಂದು ದಿನ ಹೋಗಿ, ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಬನ್ನಿ.

ನಮ್ಮ ಭಾಗದವರಿಗೆ ಮೊದಲ ಆಯ್ಕೆ ಧಾರವಾಡವೇ. 1939ರಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆ ಅಲ್ಲಿದೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಆರ್.ಸಿ. ಹಿರೇಮಠರ ಹೆಸರಿನ ಕನ್ನಡ ಅಧ್ಯಯನ ಪೀಠವಿದೆ, ಪ್ರಾಚೀನ ಭಾರತೀಯ ಇತಿಹಾಸ ಮತ್ತು ಶಾಸನಶಾಸ್ತ್ರದ ವಿಭಾಗವಿದೆ. ಎಂ.ಎಂ. ಕಲಬುರ್ಗಿಯವರು 'ಕವಿರಾಜಮಾರ್ಗ'ದ ಪರಿಸರದ ಮೇಲೆ ಸಂಶೋಧನೆ ಮಾಡಿದ್ದು, ಗ್ರಂಥಸಂಪಾದನೆಯನ್ನು ಒಂದು ಶಾಸ್ತ್ರವಾಗಿ ಕಲಿಸಿದ್ದು ಆ ವಿಶ್ವವಿದ್ಯಾಲಯದ ಗುಡ್ಡದ ಮೇಲೆಯೇ. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಸಂಶೋಧನೆಗೆಂದೇ ಹುಟ್ಟಿದ್ದು. ತಾಳೆಗರಿಯ ಕಡೆ ಮನಸ್ಸಿದ್ದವರು ಅಲ್ಲಿಯ ಹಸ್ತಪ್ರತಿಶಾಸ್ತ್ರ ವಿಭಾಗವನ್ನು ನೋಡಬೇಕು. ಮೈಸೂರಿನಲ್ಲಿ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ, ಪ್ರಾಚ್ಯವಿದ್ಯಾ ಸಂಶೋಧನಾಲಯ, ಪುರಾತತ್ವ ಇಲಾಖೆಯ ಶಾಸನ ವಿಭಾಗದ ಕೇಂದ್ರ ಕಚೇರಿ, ಶಾಸ್ತ್ರೀಯ ಕನ್ನಡ ಅಧ್ಯಯನ ಕೇಂದ್ರ ಎಲ್ಲವೂ ಒಂದೇ ಊರಿನಲ್ಲಿವೆ. ನೌಕರಿಯಲ್ಲಿದ್ದುಕೊಂಡು ಕಲಿಯುವವರಿಗೆ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಶಾಸನಶಾಸ್ತ್ರ ಡಿಪ್ಲೊಮಾ ಇದೆ.

ಹುಡುಗಿ ಇಷ್ಟು ಹೊತ್ತೂ ಸುಮ್ಮನೆ ಕುಳಿತಿದ್ದಳು. ಒಂದು ಪುಟ ಬರೆದುಕೊಂಡು ಬಾ, ಏಕೆ ಓದಬೇಕೆಂದಿದ್ದೀ ಎಂದು ಹೇಳಿ ಕಳಿಸಿದೆ. ನಮ್ಮ ವಿಶ್ವವಿದ್ಯಾಲಯಗಳ ಎಂ.ಎ. ಅರ್ಜಿಯಲ್ಲಿ ಸಾಮಾನ್ಯವಾಗಿ ಇದಕ್ಕೆ ಜಾಗವಿರುವುದಿಲ್ಲ. ಅಲ್ಲಿ ನೋಡುವುದು ಅಂಕ, ಮೀಸಲಾತಿ, ಕೌನ್ಸೆಲಿಂಗು. ಆದರೆ ಮುಂದೆ ಪಿಎಚ್.ಡಿ. ಸಂದರ್ಶನದಲ್ಲಿ, ಹೊರಗಿನ ಸಂಸ್ಥೆಗಳಲ್ಲಿ ಇದೇ ಪ್ರಶ್ನೆ ಬರುತ್ತದೆ. ಅದಕ್ಕೂ ಮೊದಲು, ತನಗೇ ಉತ್ತರ ಗೊತ್ತಿರಬೇಕಲ್ಲ.

ವಾರದ ಮೇಲೆ ಬರೆದುಕೊಂಡು ಬಂದಳು. ಕನ್ನಡಕ್ಕೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ, ಪಂಪ ಆದಿಕವಿ, ಕನ್ನಡ ಉಳಿಸುವುದು ನಮ್ಮೆಲ್ಲರ ಕರ್ತವ್ಯ. ತಪ್ಪಿಲ್ಲದ ಬರವಣಿಗೆ. ಆದರೆ ಅದನ್ನು ಯಾರು ಬೇಕಾದರೂ ಬರೆಯಬಹುದಿತ್ತು, ಅವಳು ಅದರಲ್ಲಿ ಎಲ್ಲೂ ಇರಲಿಲ್ಲ. "ಮನ್ಯಾಗ ಹಳೇ ಮಾತು, ಹಳೇ ಹಾಡು ಏನ್ ಕೇಳಿದ್ದೀವಾ?" ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ, "ನಮ್ಮ ಆಯಿ ಬೀಸುಕಲ್ಲಿನ ಪದ ಹಾಡ್ತಿದ್ಳ್ರಿ ಸರ್" ಎಂದಳು. "ನಾಲ್ಕೈದು ನೆನಪದಾವ್ರಿ." ಹಾಡು ಎಂದೆ. ನಾಚಿಕೊಂಡು ಎರಡು ಹಾಡಿದಳು.

ಆ ಭಾನುವಾರ ಅಪ್ಪ-ಮಗಳನ್ನು ಬಾದಾಮಿಗೆ ಕರೆದುಕೊಂಡು ಹೋದೆ. ಗುಹೆಗಳ ಕಡೆ ಹೋಗಲಿಲ್ಲ. ಅಗಸ್ತ್ಯ ತೀರ್ಥದ ಈಶಾನ್ಯಕ್ಕೆ, ತಟ್ಟುಕೋಟೆಯ ಕಡೆಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು 700ರ ಕಾಲದ್ದು. ಜೆ.ಎಫ್. ಫ್ಲೀಟ್ 1881ರಲ್ಲಿ ಪ್ರಕಟಿಸಿದ ಮೇಲೆ ಓದದ ಕನ್ನಡ ವಿದ್ವಾಂಸರಿಲ್ಲ. ರಾಜನ ದಾನ, ಯುದ್ಧದ ಗೆಲುವು ಏನೂ ಅದರಲ್ಲಿಲ್ಲ. ಒಬ್ಬ ಮನುಷ್ಯ ಒಳ್ಳೆಯವರ ಜೊತೆ ಹೇಗಿದ್ದ, ಕೆಣಕಿದವರಿಗೆ ಏನಾದ ಎಂಬುದಷ್ಟೇ ವಿಷಯ. ಸಂಸ್ಕೃತದ ಒಂದು ಶ್ಲೋಕವಿದೆ, ಆಮೇಲೆ ಕನ್ನಡದ ತ್ರಿಪದಿಗಳು. ನಮಗೆ ತಿಳಿದಿರುವ ಅತಿ ಹಳೆಯ ತ್ರಿಪದಿಗಳು ಇವೇ.

ಬಿಸಿಲು ಓರೆಯಾಗುವವರೆಗೆ ಕಾಯಬೇಕು ಎಂದೆ. ನಡುಮಧ್ಯಾಹ್ನದ ಬೆಳಕಿನಲ್ಲಿ ಅಕ್ಷರ ಕಲ್ಲಿನೊಳಗೇ ಅಡಗಿರುತ್ತದೆ. ಬೆಳಕು ಪಕ್ಕದಿಂದ ಬಿದ್ದಾಗ ಕೆತ್ತಿದ ಗೀರಿನ ಒಂದು ಅಂಚು ಕಪ್ಪಾಗಿ ಮೇಲೇಳುತ್ತದೆ. ಶಾಸನ ಓದುವವರ ಮೊದಲ ಪಾಠ ಈ ಕಾಯುವಿಕೆಯೇ. ಪಡಿಯಚ್ಚು ತೆಗೆಯುವುದು ಆಮೇಲಿನ ಕೆಲಸ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಚ್ಚಿ, ಬ್ರಶ್ಶಿನಿಂದ ಬಡಿದು ಅಕ್ಷರದ ತಗ್ಗಿಗೆ ಕಾಗದ ಇಳಿಸಿ, ಮೇಲೆ ಮಸಿ ಒತ್ತುವುದು. ರಕ್ಷಿತ ಸ್ಮಾರಕದಲ್ಲಿ ಅದನ್ನು ಅನುಮತಿಯಿಲ್ಲದೆ ಮಾಡುವಂತಿಲ್ಲ, ಕಣ್ಣಿನಿಂದ ಓದುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಸಂಜೆ ಅಚ್ಚಾದ ಪಾಠವನ್ನು ಅವಳ ಕೈಗೆ ಕೊಟ್ಟೆ. ಅಂದಿನ 'ಕ' ಶಿಲುಬೆಯಂತೆ ಒಂದಕ್ಕೊಂದು ಅಡ್ಡ ಗೀರು. 'ಟ' ಅರ್ಧ ಬಳೆಯ ಹಾಗೆ. ಎರಡು ಅಕ್ಷರ ಗುರುತು ಹಿಡಿದು ಕಲ್ಲಿನ ಮೇಲೆ ಹುಡುಕುತ್ತ ಹೋದಳು. "ಕಟ್ಟಿದ" ಎಂದು ಓದಿ ತಟ್ಟನೆ ತಿರುಗಿ ನೋಡಿದಳು. "ಕಟ್ಟಿದ ಅಂತನಽ ಐತಲ್ರಿ ಸರ್! ನಾವ್ ಅನ್ನಂಗನಽ ಐತಿ!" ಹೌದು, 1,300 ವರ್ಷದಲ್ಲಿ ಆ ಮಾತಿನ ಒಂದು ಸ್ವರವೂ ಬದಲಾಗಿಲ್ಲ. ಅದರ ಪಕ್ಕದಲ್ಲೇ ಸಿಂಹ 'ಸಿಂಘ'ವಾಗಿ ಕುಳಿತಿದೆ. ಇನ್ನೊಂದು ಕಡೆ ನಾವು ಕಳೆದುಕೊಂಡ 'ಱ' ಇದೆ. ಆಱು, ನೂಱು, ಮಱೆ ಎನ್ನುವಲ್ಲಿ ನಮ್ಮ ಹಿರಿಯರ ಕಿವಿಗೆ ಬೇರೆಯಾಗಿ ಕೇಳುತ್ತಿದ್ದ ಧ್ವನಿ ಅದು. ಏೞು, ಬಾೞ್ ಎನ್ನುವಲ್ಲಿದ್ದ 'ೞ'ದ ಕತೆಯೂ ಹೀಗೆಯೇ.

ಆಮೇಲೆ ತ್ರಿಪದಿಯ ಲೆಕ್ಕ ತೋರಿಸಿದೆ. ಮೂರು ಸಾಲು, 11 ಗಣ. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಬಂಡೆಯ ಮೇಲಿನದನ್ನು ಎಣಿಸಿ, ಆಯಿ ಹಾಡುತ್ತಿದ್ದ ಪದವನ್ನು ಎಣಿಸು ಎಂದೆ. ಬೆರಳು ಮಡಿಸುತ್ತ ಎಣಿಸಿದಳು. ಕೂಡಿತು. ಎರಡನೆಯ ಸಲ ಎಣಿಸಿದಾಗಲೂ ಕೂಡಿತು. ಅಷ್ಟು ಹೊತ್ತು ದೂರದಲ್ಲಿ ನಿಂತಿದ್ದ ಅಪ್ಪ ಹತ್ತಿರ ಬಂದು, "ಇದು ನಮ್ಮ ಕೊಂಡಿ ಹಾಕಿದಂಗ ಐತ್ರಿ" ಎಂದರು. ಇಳಕಲ್ ಸೀರೆಯ ಮೈಯ ಹಾಸಿನ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಕುಣಿಕೆ ಹಾಕಿ ಒಂದೊಂದಾಗಿ ಕೂಡಿಸುವ ಕೆಲಸ ಕೊಂಡಿ. ಒಂದು ಎಳೆ ತಪ್ಪಿದರೂ ಸೆರಗು ನಿಲ್ಲುವುದಿಲ್ಲ. ಛಂದಸ್ಸಿನ ಪಾಠ ಇದಕ್ಕಿಂತ ಚೆನ್ನಾಗಿ ಹೇಳಲು ನನಗೂ ಬರುವುದಿಲ್ಲ.

ಎರಡನೆಯ ಸಲ ಅವಳು ಬರೆದ ಪುಟದಲ್ಲಿ ಆದಿಕವಿಯೂ ಇರಲಿಲ್ಲ, ಕರ್ತವ್ಯವೂ ಇರಲಿಲ್ಲ. ಆಯಿಯ ಬೀಸುಕಲ್ಲಿನಿಂದ ಶುರುವಾಗಿ ತಟ್ಟುಕೋಟೆಯ ಬಂಡೆಗೆ ಹೋಗಿತ್ತು. ಬರಹದಲ್ಲಿ 700ರಲ್ಲಿ ಸಿಗುವ ಛಂದಸ್ಸು ಅಕ್ಷರ ಬಾರದ ಹೆಣ್ಣುಮಕ್ಕಳ ಬಾಯಲ್ಲಿ ಇಷ್ಟು ಕಾಲ ಹೇಗೆ ಉಳಿಯಿತು ಎಂದು ಕೇಳಿದ್ದಳು. ಪಕ್ಕದ ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರು 1931ರಲ್ಲಿ 'ಗರತಿಯ ಹಾಡು' ತಂದದ್ದನ್ನು ಓದಿಕೊಂಡು, ತನ್ನ ಆಯಿಯ ಪದಗಳಲ್ಲಿ ಅದರಲ್ಲಿಲ್ಲದವು ಎಷ್ಟು ಎಂದೂ ಪಟ್ಟಿ ಮಾಡಿದ್ದಳು. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ತಿರುಳ್ಗನ್ನಡದ ಸೀಮೆ ಹೇಳುವಾಗ ಹೆಸರಿಸುವ ಕಿಸುವೊಳಲು ನಮ್ಮ ಪಟ್ಟದಕಲ್ಲೇ ಎಂಬುದನ್ನು ಕೊನೆಗೆ ಸೇರಿಸಿದ್ದಳು. ಯಾವ ವಿಶ್ವವಿದ್ಯಾಲಯದ ಮೇಜಿನ ಮೇಲೆ ಇಟ್ಟರೂ ಆ ಪುಟ ನಿಲ್ಲುತ್ತದೆ. ಅದರಲ್ಲಿ ಒಂದು ಪ್ರಶ್ನೆಯಿದೆ, ಆ ಪ್ರಶ್ನೆ ಕೇಳಲು ಅವಳಿಗೆ ಹಕ್ಕಿದೆ.

ಗ್ರೀಕ್ ನಮಗೆ ದೂರದ್ದು ಎಂದು ತಿಳಿಯಬೇಡಿ. ಬಿ.ಎಂ.ಶ್ರೀ. 1926ರಲ್ಲಿ ನಮ್ಮ ಮುಧೋಳದ ರನ್ನನ ಕಾವ್ಯವನ್ನೇ 'ಗದಾಯುದ್ಧ ನಾಟಕಂ' ಆಗಿ ಕಟ್ಟಿದಾಗ ಅವರ ಮನಸ್ಸಿನಲ್ಲಿದ್ದದ್ದು ಗ್ರೀಕ್ ದುರಂತ ನಾಟಕದ ಮಾದರಿ. ಅದಾದ ಮೂರೇ ವರ್ಷಕ್ಕೆ ಸೊಫೊಕ್ಲೀಸನ 'ಅಯಾಸ್' ನಾಟಕದ ಜಾಡಿನಲ್ಲಿ 'ಅಶ್ವತ್ಥಾಮನ್' ಬರೆದರು, 1935ರಲ್ಲಿ ಈಸ್ಕಿಲಸನ ನಾಟಕವನ್ನು 'ಪಾರಸಿಕರು' ಎಂದು ಕನ್ನಡಕ್ಕೆ ತಂದರು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕು 1903ರಲ್ಲಿ ಪ್ರಕಟವಾದ ಒಂದು ಗ್ರೀಕ್ ಪ್ರಹಸನದಲ್ಲಿ ಭಾರತದ ಕರಾವಳಿಯ ರಾಜನೊಬ್ಬ ಆಡುವ ಮಾತು ಕನ್ನಡವೇ ಎಂದು ಆರ್. ಶಾಮಶಾಸ್ತ್ರಿಗಳು ಓದಲು ಪ್ರಯತ್ನಿಸಿದರು. ಒಪ್ಪದವರೂ ಇದ್ದಾರೆ, ಚರ್ಚೆ ಮುಗಿದಿಲ್ಲ. ಮುಗಿಸಬೇಕಾದರೆ ಗ್ರೀಕನ್ನೂ ಹಳಗನ್ನಡವನ್ನೂ ಮೂಲದಲ್ಲಿ ಓದಬಲ್ಲ ಒಬ್ಬರು ಬೇಕು. ಅಂಥವರು ಹುನಗುಂದದಿಂದ ಏಕೆ ಬರಬಾರದು?

ಇಲ್ಲಿ ಒಂದು ಬೇಸರದ ಸಂಗತಿ ಹೇಳಲೇಬೇಕು. ಪರಿಶಿಷ್ಟ ಜಾತಿ ಮತ್ತು ಕೆಲವು ಹಿಂದುಳಿದ ಸಮುದಾಯಗಳ ವಿದ್ಯಾರ್ಥಿಗಳನ್ನು ವಿದೇಶಕ್ಕೆ ಕಳಿಸುವ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಿಂದ, ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜ ಕುರಿತ ಅಧ್ಯಯನವನ್ನು 2022ರ ಮಾರ್ಗಸೂಚಿ ಹೊರಗಿಟ್ಟಿತು. ಇಲ್ಲೇ ಓದಬಹುದಲ್ಲ ಎಂಬುದು ಅದರ ವಾದ. ನಾನು ಒಪ್ಪುವುದಿಲ್ಲ. ಬೇರೆ ದೇಶದ ಗ್ರಂಥಾಲಯ, ಬೇರೆ ಭಾಷೆಯ ವಿದ್ವತ್ತು ಹಣವಿದ್ದವರ ಮಕ್ಕಳಿಗೆ ಮಾತ್ರ ಎಂದಾಗಬಾರದು. ಷಿಕಾಗೊದಲ್ಲಿ ಎ.ಕೆ. ರಾಮಾನುಜನ್ ಕಟ್ಟಿದ ಪರಂಪರೆ ಇದೆ, ಜರ್ಮನಿಯ ವೂರ್ತ್ಸ್‌ಬುರ್ಗ್‌ನಲ್ಲಿ ಕನ್ನಡ ಕಲಿಸಿದ್ದಾರೆ, ಫ್ಲೋರಿಡಾದ ಗಿಲ್ ಬೆನ್-ಹೆರುಟ್ ಹರಿಹರನ ರಗಳೆಗಳ ಮೇಲೆ 2018ರಲ್ಲಿ ಪುಸ್ತಕವನ್ನೇ ಬರೆದಿದ್ದಾರೆ. ಹರಿಹರನ ನಾಡಿನ ಮಕ್ಕಳು ಆ ಕೋಣೆಗಳಲ್ಲಿ ಕೂಡಬೇಕು.

ಇನ್ನು ಹೊಟ್ಟೆಯ ಪ್ರಶ್ನೆ. ಅಪ್ಪನಿಗೆ ಸುಳ್ಳು ಹೇಳಲಿಲ್ಲ. ಶಾಸನ ಓದುವವರಿಗೆಂದೇ ಇರುವ ಹುದ್ದೆಗಳು ಕಡಿಮೆ. ಆದರೆ ಎಂ.ಎ. ಮುಗಿಸಿ ನೆಟ್ ಬರೆದು ಜೆಆರ್‌ಎಫ್ ಗಿಟ್ಟಿಸಿದರೆ ಸಂಶೋಧನೆ ಮಾಡುವಾಗ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ ಬರುತ್ತದೆ. 2023ರ ಜನವರಿಯಿಂದ ಜಾರಿಗೆ ಬಂದ ದರ ಇದು. ನೆಟ್ ಪರೀಕ್ಷೆ ವರ್ಷಕ್ಕೆ ಎರಡು ಸಲ. ಒಂದೇ ಕೂಡಿಕೆಯಲ್ಲಿ ಮೂರು ತಾಸು, 150 ಪ್ರಶ್ನೆ, 300 ಅಂಕ. ರಾಜ್ಯದ ಕೆ-ಸೆಟ್ ಪರೀಕ್ಷೆ ಪಾಸಾದರೆ ಕಾಲೇಜು ಉಪನ್ಯಾಸಕ ಹುದ್ದೆಗೆ ಅರ್ಹತೆ. ಬಿ.ಎಡ್ ದಾರಿಯೂ ಮುಚ್ಚುವುದಿಲ್ಲ, ಎಂ.ಎ. ಆದಮೇಲೂ ಮಾಡಬಹುದು. ಹಾಸ್ಟೆಲಿಗೆ, ರಾಜ್ಯ ಸರ್ಕಾರದ ಎಸ್‌ಎಸ್‌ಪಿ ವಿದ್ಯಾರ್ಥಿವೇತನಕ್ಕೆ ಆದಾಯ ಪ್ರಮಾಣಪತ್ರದ ಅವಧಿ ಮುಗಿಯದಂತೆ ನೋಡಿಕೊಳ್ಳಿ. ಒಳ್ಳೆಯ ಹುಡುಗರ ಅರ್ಜಿಗಳು ಈ ಒಂದು ಕಾಗದಕ್ಕೆ ನಿಂತದ್ದನ್ನು ಕಂಡಿದ್ದೇನೆ.

"ಹೊಟ್ಟಿ ತುಂಬತೈತಿ ಅಂತ ಖಾತ್ರಿ ಇಲ್ಲಂದಂಗಾತು" ಎಂದರು ಅಪ್ಪ. ಹೌದು ಎಂದೆ. "ಮಗ್ಗಕ್ಕ ಎಲ್ಲೈತ್ರಿ ಖಾತ್ರಿ" ಎಂದು ಅವರೇ ಫೈಲು ತೆಗೆದು ಮಗಳ ಕೈಗೆ ಕೊಟ್ಟರು. ಹುಡುಗಿ ಈಗ ಧಾರವಾಡದಲ್ಲಿದ್ದಾಳೆ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಡಿಗ್ರಿ ಕಾಲೇಜುಗಳ ಕನ್ನಡ, ಇತಿಹಾಸ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ಸೇತುವೆಯ ವರ್ಷವನ್ನು ಸರ್ಕಾರ ಕೊಡುವವರೆಗೆ ಕಾಯಬೇಡಿ. ಕೊನೆಯ ವರ್ಷದ ಆಸಕ್ತ ಮಕ್ಕಳನ್ನು, ಇಬ್ಬರಿದ್ದರೆ ಇಬ್ಬರನ್ನೇ, ವಾರಕ್ಕೊಂದು ತಾಸು ಕೂಡಿಸಿಕೊಳ್ಳಿ. ಗೈಡು ಬದಿಗಿಟ್ಟು ಒಂದು ಕಂದಪದ್ಯವನ್ನು ಪದ ಬಿಡಿಸಿ, ಅನ್ವಯ ಮಾಡಿ, ಪರಿಷತ್ತಿನ ಎಂಟು ಸಂಪುಟದ ನಿಘಂಟು ತೆಗೆದು ನೋಡಿ ಓದಿಸಿ. ತಿಂಗಳಿಗೊಮ್ಮೆ ಐಹೊಳೆಗೋ ಬಾದಾಮಿಗೋ ಕರೆದುಕೊಂಡು ಹೋಗಿ. ಒಂದು ವರ್ಷದಲ್ಲಿ ನೂರು ಪದ್ಯ, ಐದಾರು ಶಾಸನ ಆದರೆ ಆ ವಿದ್ಯಾರ್ಥಿ ಎಲ್ಲಿಗೆ ಬೇಕಾದರೂ ಅರ್ಜಿ ಹಾಕಬಹುದು.

ನಮ್ಮ ಮನೆಯಲ್ಲಿ ಶನಿವಾರ ಸಂಜೆ ಐದಕ್ಕೆ 'ಗದಾಯುದ್ಧ' ಓದುತ್ತೇವೆ. ಸದ್ಯ ನಾಲ್ಕು ಜನ ಇದ್ದೇವೆ. ಪುಸ್ತಕ ಇಲ್ಲದಿದ್ದರೂ ಬರಬಹುದು.